ಕಾಂಪೌಂಡ್ ಗೋಡೆ ಆಮೇಲೆ, ಮೊದಲು ಪೀರಿಯಡ್: ಹೈಸ್ಕೂಲಿನಲ್ಲಿ ಚಿತ್ರಕಲೆ ಬೆಳೆಸುವುದು ಹೇಗೆ?

ಚಿತ್ರಕಲೆಗೆ ಹಣ ಬಂತು ಅಂದ ತಕ್ಷಣ ನಮ್ಮ ಕೊಪ್ಪಳ, ಬಳ್ಳಾರಿ ಕಡೆಯ ಎಷ್ಟೋ ಹೈಸ್ಕೂಲುಗಳು ಮಾಡುವ ಕೆಲಸ ಒಂದೇ. ಪೇಂಟರ್ ಒಬ್ಬರನ್ನು ಕರೆಸಿ ಕಾಂಪೌಂಡ್ ಗೋಡೆಯ ಮೇಲೆ ಹಂಪಿಯ ಕಲ್ಲಿನ ತೇರು ಬರೆಸುವುದು. ಎರಡು ಮಳೆಗಾಲಕ್ಕೆ ತೇರಿನ ಗಾಲಿ ಉದುರಿ ಹೋಗುತ್ತದೆ. ಮಕ್ಕಳು ಮಾತ್ರ ಬ್ರಷ್ ಮುಟ್ಟಿಯೇ ಇರುವುದಿಲ್ಲ. ನಿಮ್ಮ ಶಾಲೆಯಲ್ಲಿ ಬೇರೆ ಥರ ಮಾಡಬೇಕು ಅಂತಿದ್ದರೆ ಹೀಗೆ ಶುರು ಮಾಡಿ.

1. ಜೋಡಿ ಪೀರಿಯಡ್ ಕೇಳಿ

40 ನಿಮಿಷದ ಒಂದು ಪೀರಿಯಡ್‌ನಲ್ಲಿ ನೀರು ತರಲು ಹತ್ತು ನಿಮಿಷ, ಬ್ರಷ್ ತೊಳೆಯಲು ಹತ್ತು ನಿಮಿಷ ಹೋಗುತ್ತದೆ. ಉಳಿದಿದ್ದರಲ್ಲಿ ಏನು ಕಲಿಸುತ್ತೀರಿ? ವಾರಕ್ಕೆ ಎರಡು ಪೀರಿಯಡ್ ಇದ್ದರೆ ಎರಡನ್ನೂ ಒಂದೇ ದಿನ ಜೋಡಿಸಿ ಕೊಡಿ ಎಂದು ಹೆಡ್‌ಮಾಸ್ಟರನ್ನು ಕೇಳಿ. ಜೂನ್‌ನಲ್ಲಿ ವೇಳಾಪಟ್ಟಿ ಗೋಡೆಗೆ ಅಂಟುವ ಮೊದಲೇ ಕೇಳಬೇಕು. ಎಂಟು, ಒಂಬತ್ತನೇ ತರಗತಿಗೆ ಸಾಕು. ಹತ್ತನೇ ತರಗತಿಯನ್ನು ಗಣಿತದ ಮೇಷ್ಟ್ರು ಹೇಗೂ ಬಿಟ್ಟುಕೊಡುವುದಿಲ್ಲ. ಶನಿವಾರ ಕೊಟ್ಟರೆ ಒಪ್ಪಬೇಡಿ. ಜಯಂತಿ, ಮೀಟಿಂಗ್, ತರಬೇತಿ ಎಲ್ಲ ಸೇರಿ ಶನಿವಾರವನ್ನು ನುಂಗಿಬಿಡುತ್ತವೆ.

2. ಸಾಮಾನು ಕಡಿಮೆ ತನ್ನಿ

ಕೆಂಪು, ಹಳದಿ, ನೀಲಿ, ಕಪ್ಪು, ಬಿಳಿ. ಐದು ಪೋಸ್ಟರ್ ಬಣ್ಣದ ದೊಡ್ಡ ಬಾಟಲಿ ಸಾಕು. ಬೇರೆ ಬಣ್ಣ ಮಕ್ಕಳೇ ಕಲಸಿಕೊಳ್ಳಲಿ. 24 ಬಿಲ್ಲೆಗಳ ಅಗ್ಗದ ಡಬ್ಬಿ ಬೇಡವೇ ಬೇಡ, ಅದರಲ್ಲಿ ಬಣ್ಣಕ್ಕಿಂತ ಸುಣ್ಣವೇ ಜಾಸ್ತಿ. ಬಣ್ಣ ತೀರಿದಾಗ ಜಾಜು, ಅಂದರೆ ಕೆಮ್ಮಣ್ಣು, ಇದ್ದೇ ಇದೆ. ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ, ನೀರಲ್ಲಿ ಕರಗಿಸಿದ ಜಾಲಿ ಅಂಟು ಬೆರೆಸಿದರೆ ಒಳ್ಳೆಯ ಕೆಂಪು ಸಿಗುತ್ತದೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದ ಕಲ್ಲಾಸರೆಗಳಲ್ಲಿ ಆದಿಮಾನವರು ಬರೆದ ಚಿತ್ರಗಳಿವೆಯಲ್ಲ, ಅವೂ ಇಂಥ ಕೆಂಪು ಮಣ್ಣಿನ ಬಣ್ಣದವೇ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

3. ಕಸುಬಿನವರನ್ನು ಕರೆಸಿ, ಶಾಲು ಹೊದಿಸಲು ಅಲ್ಲ

ಹೆಚ್ಚಿನವರು ಎಡವುವುದು ಇಲ್ಲೇ. ಮರದ ಗೊಂಬೆಗೆ ಹೆಸರಾದ ಕೊಪ್ಪಳ ಹತ್ತಿರದ ಕಿನ್ನಾಳದಿಂದ ಒಬ್ಬ ಕಲಾವಿದರನ್ನು ಕರೆಸುತ್ತಾರೆ. ಹಾರ, ಶಾಲು, ಭಾಷಣ, ಅರ್ಧ ಗಂಟೆ ಪ್ರದರ್ಶನ, ಫೋಟೊ. ಮಕ್ಕಳು ಸಾಲಾಗಿ ಕೂತು ನೋಡಿ ಎದ್ದು ಹೋಗುತ್ತಾರೆ. ಅದಕ್ಕೆ ಕಾರ್ಯಾಗಾರ ಅಂತ ಹೆಸರು ಬೇರೆ.

ಒಂದು ವರ್ಷಕ್ಕೆ ಒಂದೇ ಕಸುಬು ಆರಿಸಿ. ಸಂಡೂರು ಸುತ್ತಿನವರಾದರೆ ಲಂಬಾಣಿ ಕಸೂತಿ. ಕೊಪ್ಪಳ ಜಿಲ್ಲೆಯಲ್ಲಿ ತೊಗಲುಗೊಂಬೆಯೂ ಇದೆ. ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ಕಲೆಗೆ. ಆದರೆ ಹೈಸ್ಕೂಲಿಗೆ ಅಂತ ಕೇಳಿದರೆ ನಾನು ಕಿನ್ನಾಳದ ಗೊಂಬೆಯನ್ನೇ ಹೇಳುತ್ತೇನೆ. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ ಎಂಬುದಕ್ಕಲ್ಲ. ಅದರ ಕೆಲಸ ಪದರ ಪದರವಾಗಿ ನಡೆಯುತ್ತದೆ, ಪ್ರತಿ ಪದರವೂ ಒಣಗಬೇಕು. ವಾರಕ್ಕೊಮ್ಮೆ ಬರುವ ಜೋಡಿ ಪೀರಿಯಡ್‌ಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ.

ಮೊದಲು ಕಲಾವಿದರ ಮನೆಗೆ ಹೋಗಿ ಮಾತಾಡಿ. ಯಾವ ತಿಂಗಳು ಬಿಡುವಿದೆ ಕೇಳಿ. ಗಣೇಶ ಚೌತಿಯ ಮುಂಚೆ ಕರೆಯಬೇಡಿ. ದುಡ್ಡಿನ ಮಾತನ್ನು ಅಲ್ಲೇ ಮುಗಿಸಿ: ಬಂದ ದಿನಕ್ಕೆ ಪೂರ್ತಿ ದಿನದ ಕೂಲಿ, ಬಸ್ ಚಾರ್ಜು, ಸಾಮಾನಿನ ಖರ್ಚು. ಕವರಿನಲ್ಲಿಟ್ಟ ‘ಗೌರವಧನ’ ಒಂದು ದಿನದ ದುಡಿಮೆಗೂ ಸಾಲದಿದ್ದರೆ ಎರಡನೇ ಸಲ ಅವರು ಯಾಕೆ ಬರಬೇಕು, ಅಲ್ವಾ?

ಮಕ್ಕಳ ಕೈಗೆ ಉಳಿ ಕೊಡಬೇಡಿ. ಹಗುರ ಮರದಲ್ಲಿ ಕೆತ್ತಿದ ಗಿಳಿ, ಮಾವಿನಕಾಯಿಯಂಥ ಸಣ್ಣ ತುಂಡುಗಳನ್ನು ಅವರಿಂದಲೇ ಕೊಳ್ಳಿ. ಮೊದಲ ವಾರ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುವುದು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿದರೆ ಅಂಟು. ಆಯಾ ವಾರದ್ದು ಆಯಾ ವಾರವೇ ಮಾಡಿ, ಉಳಿದಿದ್ದು ಹಳಸಿ ನಾರುತ್ತದೆ. ಬಾಟಲಿಯ ಬಿಳಿ ಅಂಟು ಇದೆಯಲ್ಲ ಎನ್ನುವವರು ಇರುತ್ತಾರೆ. ಮರದ ತುಂಡು ಅದರಲ್ಲೂ ಅಂಟುತ್ತದೆ ನಿಜ, ಆದರೆ ಮುಂದಿನ ಪದರಕ್ಕೂ ಇದೇ ಹುಣಸೆ ಅಂಟು ಬೇಕು. ಮಾಡುವುದನ್ನು ಈಗಲೇ ಕಲಿಯಲಿ.

ಎರಡನೇ ವಾರ ಕಿಟ್ಟ. ಗೋಣಿಚೀಲದ ಚೂರುಗಳನ್ನು ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿ ಮಾಡಿ ಆ ಅಂಟಿನಲ್ಲಿ ಕಲಸಿದ್ದೇ ಕಿಟ್ಟ. ರೊಟ್ಟಿ ಹಿಟ್ಟಿನ ಹದ ಬರಬೇಕು. ಇದನ್ನು ಕೈಯಲ್ಲೇ ಗೊಂಬೆಯ ಮೈಗೆಲ್ಲ ತೆಳ್ಳಗೆ ಮೆತ್ತಬೇಕು. ಮಕ್ಕಳಿಗೆ ಅವಸರ. ಒಂದೇ ಸಲ ದಪ್ಪ ಬಳಿಯುತ್ತಾರೆ, ಬೇಗ ಒಣಗಲಿ ಅಂತ ಬಿಸಿಲಿಗೆ ಇಡುತ್ತಾರೆ. ರಾಯಚೂರು ಬಿಸಿಲಿನಲ್ಲಿ ಮೇಲ್ಮೈ ಬೇಗ ಬಿಗಿಯುತ್ತದೆ, ಒಳಗೆ ಹಸಿ ಉಳಿಯುತ್ತದೆ, ಆಮೇಲೆ ಬಿರುಕು. ನೆರಳಲ್ಲಿ, ಗಾಳಿ ಆಡುವಲ್ಲಿ ಇಡಿ. ಉಗುರು ಒತ್ತಿದರೆ ಗುರುತು ಬೀಳುತ್ತದೆಯೇ? ಹಾಗಾದರೆ ಇನ್ನೊಂದು ವಾರ ಕಾಯಿರಿ. ಆ ವಾರ ಸುಮ್ನೆ ಕೂರಿಸಬೇಡಿ, ಗೊಂಬೆಗೆ ಬರೆಯಬೇಕಾದ ಬಳ್ಳಿ, ಅಂಚುಗಳನ್ನು ಕಾಗದದ ಮೇಲೆ ತಿದ್ದಿಸಿ.

ಕಿಟ್ಟದ ಮೇಲಿನ ಪದರ ಹತ್ತಿಬಟ್ಟೆಯ ಸಣ್ಣ ಚೂರುಗಳು, ಹುಣಸೆ ಅಂಟಿನಲ್ಲೇ. ಅದರ ಮೇಲೆ ಕಲ್ಲಿನ ಪುಡಿ, ಗೋಂದು ಕಲಸಿದ ಬಿಳಿ ಲೇಪ. ಬಣ್ಣ ನಿಲ್ಲುವುದು ಈ ಬಿಳಿಯ ಮೇಲೆ. ಒಡವೆಯ ಉಬ್ಬು ಕೆಲಸಕ್ಕೂ ಇದೇ ಲೇಪ. ಇಲ್ಲೊಂದು ಅಡ್ಡದಾರಿ ನೋಡಿದ್ದೇನೆ: ಗೋಡೆಗೆ ಹಚ್ಚುವ ಪುಟ್ಟಿಯನ್ನೇ ಬಳಿದುಬಿಡುವುದು. ನುಣುಪೇನೋ ಬರುತ್ತದೆ, ಗೊಂಬೆ ಒಮ್ಮೆ ಕೈಜಾರಿ ಬಿದ್ದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ.

ಬಣ್ಣ ಕೊನೆಗೆ, ಕಣ್ಣು ಎಲ್ಲಕ್ಕಿಂತ ಕೊನೆಗೆ. ಕಲಾವಿದರು ಪ್ರತಿ ವಾರ ಬರಬೇಕಿಲ್ಲ. ಅಂಟಿನ ದಿನ, ಕಿಟ್ಟದ ದಿನ, ಬಿಳಿ ಲೇಪದ ದಿನ, ಕಣ್ಣು ಬರೆಯುವ ದಿನ ಇದ್ದರೆ ಸಾಕು. ಆ ದಿನಗಳಲ್ಲಿ ಡ್ರಾಯಿಂಗ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಇರಬಾರದು. ಮಕ್ಕಳ ಪಕ್ಕದಲ್ಲಿ ಕೂತು ತಾವೂ ಒಂದು ಗೊಂಬೆ ಮಾಡಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಮೊದಲಿನಿಂದ.

4. ಹೊರಗೆ ಕಳಿಸಿ

ಪ್ರತಿಭಾ ಕಾರಂಜಿ, ಕಲಾ ಉತ್ಸವಕ್ಕೆ ಹೆಸರು ಕೊಡಿ. ಆಸಕ್ತಿ ಇದ್ದವರನ್ನು ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರಿಸಿ.

5. ಹಣ, ಬೀಗ, ಬೀಜ

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮತ್ತು ಹಳೆ ವಿದ್ಯಾರ್ಥಿಗಳ ಮುಂದೆ ‘ಕಲಾ ಅಭಿವೃದ್ಧಿ’ ಅಂತ ಅರ್ಜಿ ಇಡಬೇಡಿ. ಇಷ್ಟು ದಿನದ ಕೂಲಿ, ಇಷ್ಟು ಗೊಂಬೆ ಅಂತ ಚೀಟಿ ಬರೆದು ತೋರಿಸಿ, ಕೊಡುವವರು ಕೊಡುತ್ತಾರೆ. ಗೆದ್ದಲು ಹತ್ತದ ಒಂದು ಕಬ್ಬಿಣದ ಬೀರು ಬೇಕು. ಅದರ ಕೀಲಿ ಆಫೀಸಿನಲ್ಲಲ್ಲ, ಡ್ರಾಯಿಂಗ್ ಮೇಷ್ಟ್ರ ಹತ್ತಿರ ಇರಬೇಕು. ಮೋಡದ ದಿನಗಳಲ್ಲಿ ಕಿಟ್ಟ ಒಣಗುವುದಿಲ್ಲ, ಹಾಗಾಗಿ ಗೊಂಬೆ ಕೆಲಸ ದಸರಾ ರಜೆ ಮುಗಿದ ಮೇಲೆ ಶುರುವಾಗಲಿ. ಬೀಜವನ್ನು ಮಾತ್ರ ಬೇಸಿಗೆಯಲ್ಲೇ ಕೂಡಿಡಬೇಕು. ಮನೆಮನೆಯಲ್ಲಿ ಹುಣಸೆಹಣ್ಣು ಬಿಡಿಸುವ ಹೊತ್ತಿಗೆ ಎಂಟನೇ ತರಗತಿಯವರಿಗೆ ಹೇಳಿ ಕಳಿಸಿ, ತಲೆಗೊಂದು ಸೇರು ತರಲಿ.