ತಪ್ಪು ಗಾಡಿಯದೋ, ಕೈಯದೋ: ಹೊಸ ಬೈಕಿನೊಂದಿಗೆ ಮೊದಲ 420 ಕಿಲೋಮೀಟರ್

ಮೊದಲ ಸಿಗ್ನಲ್‌ನಲ್ಲಿ ಇಂಜಿನ್ ನಿಂತಿತು. ಎರಡನೆಯದರಲ್ಲಿ ಮತ್ತೆ ನಿಂತಿತು. ಅದೇ ಹೊತ್ತಿಗೆ ಇಂಡಿಕೇಟರ್ ಹಾಕಲು ಹೋದ ಹೆಬ್ಬೆರಳು ಹಾರ್ನ್ ಒತ್ತಿತು. ಗಾಡಿಯಲ್ಲೇ ಏನೋ ದೋಷವಿದೆ ಎಂದು ಮನಸ್ಸು ಆಗಲೇ ದೂರಲು ಶುರುಮಾಡಿತ್ತು.

ಹಳೆಯ ಬೈಕನ್ನು ನಾನು 11 ವರ್ಷ ಓಡಿಸಿದ್ದೆ. ಅದು ಒಂದೇ ಸಿಲಿಂಡರಿನ ಹಗುರ ಗಾಡಿ. ಯಾವ ಗೇರಿನಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂಬುದು ಸದ್ದಿನಿಂದಲೇ ತಿಳಿಯುತ್ತಿತ್ತು. ಹೊಸದಕ್ಕೆ ಎರಡು ಸಿಲಿಂಡರ್, 200 ಕಿಲೋ ಮೀರಿದ ತೂಕ, ಅಗಲವಾದ ಟೈರ್. ಮನೆಗೆ ತಂದು ಮೂರು ದಿನವಾಗಿತ್ತು, ಓಡೋಮೀಟರಿನಲ್ಲಿ ಕೇವಲ 40 ಕಿಲೋಮೀಟರ್ ಇತ್ತು. ಎರಡು ದಿನಗಳಲ್ಲಿ 420 ಕಿಲೋಮೀಟರ್ ಓಡಿಸಿ ಬರುವುದೆಂದು ಹೊರಟಿದ್ದೆ. ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡೆ. ಸರಿಯೆನಿಸದ ಪ್ರತಿಯೊಂದನ್ನೂ ಅದರಲ್ಲಿ ಬರೆಯಬೇಕು, ಆದರೆ ಬರೆದ ತಕ್ಷಣ ಏನನ್ನೂ ತಿರುಗಿಸಬಾರದು, ಬಿಗಿ ಮಾಡಬಾರದು ಎಂದು ನಿಯಮ ಹಾಕಿಕೊಂಡೆ. ಗಾಡಿಯನ್ನು ಸರಿಪಡಿಸಬೇಕೋ ನನ್ನನ್ನು ತಿದ್ದಿಕೊಳ್ಳಬೇಕೋ ಎಂದು ತಿಳಿದ ಮೇಲೆಯೇ ಸ್ಪ್ಯಾನರ್ ಕೈಗೆತ್ತಿಕೊಳ್ಳಬೇಕು.

ಪುಸ್ತಕದ ಮೊದಲ ಸಾಲು ಕ್ಲಚ್‌ನದು. ಊರು ದಾಟಿ ಮರದ ನೆರಳಿನಲ್ಲಿ ನಿಲ್ಲಿಸಿ ಲಿವರಿನ ತುದಿಯ ಸಡಿಲವನ್ನು ಅಳೆದೆ. 12 ಮಿಲಿಮೀಟರ್ ಇತ್ತು, ಕೈಪಿಡಿ ಹೇಳಿದ ಮಿತಿಯೊಳಗೇ. ಹಳೆಯ ಗಾಡಿಯಲ್ಲಿ ಲಿವರನ್ನು ಬಹುತೇಕ ಪೂರ್ತಿ ಬಿಟ್ಟ ಮೇಲೆ ಕ್ಲಚ್ ಹಿಡಿಯುತ್ತಿತ್ತು. ಇದರಲ್ಲಿ ಲಿವರ್ ಬೆರಳಗಲ ಸರಿಯುವಷ್ಟರಲ್ಲಿ ಹಿಡಿದುಬಿಡುತ್ತದೆ. ಎಕ್ಸಲರೇಟರ್ ಮುಟ್ಟದೆ, ಕ್ಲಚ್ಚೊಂದರಿಂದಲೇ ಗಾಡಿಯನ್ನು ಮೆಲ್ಲನೆ ಮುಂದಕ್ಕೆ ಬಿಡುವುದನ್ನು ಹತ್ತು ಸಲ ಅಭ್ಯಾಸ ಮಾಡಿದೆ. ಆ ಸಾಲನ್ನು ಹೊಡೆದು ಹಾಕಿದೆ. ತಪ್ಪು ಕೈಯದಾಗಿತ್ತು.

ಉದ್ದಕ್ಕೆ ನೇರವಾಗಿ ಹೋಗುವ ಹೆದ್ದಾರಿಯನ್ನು ಬೇಕೆಂದೇ ಬಿಟ್ಟು, ಏರಿಳಿತ ಮತ್ತು ತಿರುವುಗಳಿರುವ ರಸ್ತೆಯನ್ನು ಆರಿಸಿಕೊಂಡಿದ್ದೆ. ಹೊಸ ಇಂಜಿನ್ನಿಗೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವುದು ಒಳ್ಳೆಯದಲ್ಲ. ಸಿಲಿಂಡರಿನ ಒಳಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೆರೆಗಳನ್ನು ಕಾರ್ಖಾನೆಯಲ್ಲೇ ಕೊರೆದಿರುತ್ತಾರೆ. ಪಿಸ್ಟನ್ನಿನ ಸುತ್ತ ಕೂತಿರುವ ಲೋಹದ ಬಳೆಗಳು, ಅಂದರೆ ಪಿಸ್ಟನ್ ರಿಂಗುಗಳು, ಆ ಗೆರೆಗಳ ಏಣುಗಳನ್ನು ಸವೆಸಿಕೊಂಡು, ಗೋಡೆಗೆ ಸರಿಯಾಗಿ ಕೂತುಕೊಳ್ಳಬೇಕು. ಉರಿಯುವ ಅನಿಲದ ಒತ್ತಡವೇ ರಿಂಗನ್ನು ಗೋಡೆಗೆ ಒತ್ತುವುದರಿಂದ ಒಮ್ಮೆ ಭಾರ ಕೊಟ್ಟು ಒಮ್ಮೆ ಬಿಡುತ್ತಿರಬೇಕು. ಮೊದಲ 500 ಕಿಲೋಮೀಟರ್ 4,000 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ದಾಟಬೇಡಿ ಎಂದು ನನ್ನ ಕೈಪಿಡಿ ಹೇಳಿತ್ತು. ಅದನ್ನು ಪಾಲಿಸಿದೆ. ಆದರೆ ನಿಧಾನ ಎಂದರೆ ಮೇಲಿನ ಗೇರಿನಲ್ಲಿ ಇಂಜಿನ್ ಏದುಸಿರು ಬಿಡುವಂತೆ ಎಳೆಸುವುದು ಎಂದು ಕೆಲವರು ತಿಳಿದಿದ್ದಾರೆ. ಏರಿನಲ್ಲಿ ಐದನೆಯ ಗೇರ್ ಹಾಕಿ 1,800 ಆರ್‌ಪಿಎಂಗೆ ಇಳಿಸಿ ಎಳೆಸುವುದು ನನ್ನ ಮಟ್ಟಿಗೆ ಹೊಸ ಇಂಜಿನ್ನಿಗೆ ಮಾಡುವ ದ್ರೋಹ. ಗೇರ್ ಇಳಿಸಿ, ಅದು ಹಗುರವಾಗಿ ಉಸಿರಾಡುವಂತೆ ಬಿಡಬೇಕು.

ಬ್ರೇಕ್ ಮೊದಮೊದಲು ಮರದ ತುಂಡು ಒತ್ತಿದ ಹಾಗಿತ್ತು. ಹೊಸ ಪ್ಯಾಡ್‌ಗಳು ಡಿಸ್ಕ್‌ಗೆ ಇನ್ನೂ ಹೊಂದಿಕೊಂಡಿರಲಿಲ್ಲ, ಅಷ್ಟೆ. ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ 60ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಬಾರಿ ವೇಗ ಇಳಿಸಿದೆ. ಪ್ರತಿ ಸಲದ ನಡುವೆ ಡಿಸ್ಕ್ ತಣಿಯಲೆಂದು ಒಂದು ಕಿಲೋಮೀಟರ್ ಸುಮ್ಮನೆ ಓಡಿಸಿದೆ. ಆರನೆಯ ಸಲದ ಹೊತ್ತಿಗೆ ಎರಡು ಬೆರಳು ಸಾಕಾಯಿತು.

ಸುಮಾರು 50 ಕಿಲೋಮೀಟರ್ ಆದಾಗ ಬರೆದುಕೊಂಡದ್ದು: ‘ಹಿಂದಿನ ಶಾಕ್ ಅಬ್ಸಾರ್ಬರ್ ಗಡುಸು. ಉಬ್ಬು ಬಂದರೆ ಬೆನ್ನಿಗೆ ಗುದ್ದುತ್ತದೆ.’ ಸ್ವಲ್ಪ ಮುಂದೆ: ‘ಫುಟ್‌ರೆಸ್ಟಿನಲ್ಲಿ ನಡುಕ. ಬೋಲ್ಟ್ ಸಡಿಲವೇ?’

ನಡುಕವನ್ನು ಹುಡುಕಿದ ಬಗೆ ನನಗೆ ಇಡೀ ಪ್ರಯಾಣದಲ್ಲೇ ಹೆಚ್ಚು ಕಲಿಸಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಾಲ್ಕನೆಯ ಗೇರಿನಲ್ಲಿ ಪಾದದಡಿ ಜುಮ್ಮೆನ್ನುತ್ತಿತ್ತು. ವೇಗ ಬದಲಿಸದೆ ಐದನೆಯದಕ್ಕೆ ಹೋದೆ, ನಡುಕ ಮಾಯವಾಯಿತು. ಮೂರನೆಯ ಗೇರಿನಲ್ಲಿ ಬೇರೆ ವೇಗಕ್ಕೆ ಬಂದೆ, ಮತ್ತೆ ಬಂತು. ಮೀಟರ್ ನೋಡಿದರೆ ಎರಡೂ ಸಲ 3,700 ಆರ್‌ಪಿಎಂ ಆಸುಪಾಸು. ಗೇರ್ ಯಾವುದಿದ್ದರೂ ಒಂದೇ ಆರ್‌ಪಿಎಂನಲ್ಲಿ ಬರುವ ನಡುಕ ಇಂಜಿನ್ನಿನದು. ಇಂಜಿನ್ ಎಷ್ಟೇ ತಿರುಗಲಿ, ರಸ್ತೆಯ ವೇಗವನ್ನೇ ಹಿಂಬಾಲಿಸುವುದಾದರೆ ಅದು ಚಕ್ರ, ಟೈರ್ ಅಥವಾ ಚೈನಿನದು. ಇಷ್ಟು ತಿಳಿದಿದ್ದರೆ ಹೊಸ ಗಾಡಿಯ ಅರ್ಧ ಭಯ ಕಳೆಯುತ್ತದೆ. ಫುಟ್‌ರೆಸ್ಟಿನ ಬೋಲ್ಟುಗಳನ್ನು ಆದರೂ ಮುಟ್ಟಿ ನೋಡಿದೆ. ಬಿಗಿಯಾಗಿಯೇ ಇದ್ದವು. 3,700 ಎಂಬುದು ಈ ಇಂಜಿನ್ನಿನ ಸ್ವಭಾವ. ಅಲ್ಲಿ ನಿಲ್ಲದೆ ದಾಟಿಹೋಗುವುದನ್ನು ರೂಢಿಸಿಕೊಂಡೆ.

90 ಕಿಲೋಮೀಟರಿಗೆ ಅಂಗೈ ಜೋಮು ಹಿಡಿಯಿತು. ಇಲ್ಲಿ ತಪ್ಪು ಇಬ್ಬರದೂ ಇತ್ತು. ಹೊಸದೆಂಬ ಆತಂಕದಲ್ಲಿ ನಾನು ಹ್ಯಾಂಡಲನ್ನು ಬಿಗಿಯಾಗಿ ಅವುಚಿಕೊಂಡು ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದ್ದೆ. ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದಾಗ ತೋಳುಗಳು ಸಡಿಲಾದವು, ಆದರೂ ಬಲ ಮಣಿಕಟ್ಟಿನ ನೋವು ಉಳಿಯಿತು. ನೋಡಿದರೆ ಬ್ರೇಕ್ ಲಿವರನ್ನು ತೀರ ಮೇಲಕ್ಕೆ ಕೂರಿಸಿದ್ದರು. ಬೆರಳಿಡಬೇಕಾದರೆ ಮಣಿಕಟ್ಟು ಹಿಂದಕ್ಕೆ ಬಾಗಬೇಕಿತ್ತು. ಕ್ಲ್ಯಾಂಪಿನ ಎರಡು ಬೋಲ್ಟ್ ಸಡಿಲಿಸಿ, ಸವಾರಿಯ ಭಂಗಿಯಲ್ಲಿ ಕೂತು, ಮುಂಗೈ ಮತ್ತು ಬೆರಳು ಒಂದೇ ಗೆರೆಯಲ್ಲಿ ಬರುವಂತೆ ಲಿವರನ್ನು ಕೆಳಗಿಳಿಸಿ ಮತ್ತೆ ಬಿಗಿದೆ. ಕೊಳ್ಳುವ ದಿನವೇ ಎಲ್ಲರೂ ಮಾಡಿಸಿಕೊಳ್ಳಬೇಕಾದ ಎರಡು ನಿಮಿಷದ ಕೆಲಸ ಇದು.

ಆಮೇಲೆ ಬಂದದ್ದು ಆ ತಿರುವು. ಹೊಸ ಟೈರುಗಳ ಮೇಲ್ಮೈ ನುಣುಪಾಗಿರುತ್ತದೆ, ಮೊದಲ 150 ಕಿಲೋಮೀಟರಿನಷ್ಟು ಹೆಚ್ಚು ಬಾಗಿಸಬಾರದೆಂದು ಗೊತ್ತಿತ್ತು. ಅಂಚುಗಳು ಆಗಲೂ ಹೊಳೆಯುತ್ತಿದ್ದವು. ಆದ್ದರಿಂದ ನಿಧಾನವಾಗಿಯೇ ಒಳಬಂದೆ. ನಡುವೆ ತಿರುವು ಎಣಿಸಿದ್ದಕ್ಕಿಂತ ಬಿಗಿಯಾಯಿತು. 11 ವರ್ಷದ ರೂಢಿಯಂತೆ ಎಕ್ಸಲರೇಟರನ್ನು ಫಕ್ಕನೆ ಮುಚ್ಚಿದೆ. ಹಳೆಯ ಗಾಡಿ ಅದನ್ನು ಗಮನಿಸುತ್ತಲೇ ಇರಲಿಲ್ಲ. ಇದರ ಇಂಜಿನ್ ಮಾತ್ರ ಜೋರಾಗಿ ತಡೆಯಿತು, ಭಾರವೆಲ್ಲ ಮುಂದಿನ ಚಕ್ರಕ್ಕೆ ಬಿತ್ತು, ಗಾಡಿ ತಾನಾಗಿ ನೆಟ್ಟಗಾಗುತ್ತ ರಸ್ತೆಯ ಹೊರ ಅಂಚಿನತ್ತ ನಡೆಯಿತು. ನನ್ನ ಕಣ್ಣು ಆ ಅಂಚಿನ ಜಲ್ಲಿಯ ಮೇಲೆಯೇ ನೆಟ್ಟಿತ್ತು. ಹೇಗೋ ತಲೆಯೆತ್ತಿ ತಿರುವಿನ ಕೊನೆಯನ್ನು ನೋಡಿದೆ, ಒಳಬದಿಯ ಹ್ಯಾಂಡಲನ್ನು ಮುಂದಕ್ಕೆ ಒತ್ತಿದೆ. ಗಾಡಿ ಬಾಗಿತು. ಅಂಚಿಗೂ ಚಕ್ರಕ್ಕೂ ಒಂದು ಮೊಳ ಉಳಿದಿತ್ತು.

ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಕೂತೆ. ಕೈ ನಡುಗುತ್ತಿತ್ತು. ಬರೆಯುವಾಗ ‘ಗಾಡಿ ತಿರುಗುವುದಿಲ್ಲ’ ಎಂದು ಮೊದಲು ಗೀಚಿ, ಅದನ್ನು ಹೊಡೆದು, ‘ಗೇರ್ ಮತ್ತು ವೇಗ ತಿರುವಿಗೆ ಮೊದಲೇ ಇಳಿಯಲಿ. ಒಳಗೆ ಎಕ್ಸಲರೇಟರ್ ಕೂದಲೆಳೆಯಷ್ಟಾದರೂ ತೆರೆದಿರಲಿ. ಮೈಯಿಂದ ಬಾಗಿಸಬೇಡ, ಒಳಗಿನ ಕೈಯಿಂದ ಒತ್ತು’ ಎಂದು ಬರೆದೆ. ಹಗುರ ಗಾಡಿ ಸೊಂಟ ಸರಿಸಿದರೂ ತಿರುಗಿದಂತೆ ಕಾಣುತ್ತದೆ. ಭಾರದ ಗಾಡಿಗೆ ಸ್ಪಷ್ಟವಾದ ಅಪ್ಪಣೆ ಬೇಕು. ಅದೇ ತಿರುವಿಗೆ ಹಿಂದಿರುಗಿ, ಇನ್ನೂ ಕಡಿಮೆ ವೇಗದಲ್ಲಿ ನಾಲ್ಕು ಸಲ ದಾಟಿದೆ. ನಾಲ್ಕನೆಯ ಸಲ ಚಕ್ರಗಳು ನಾನು ನೋಡಿದ ಕಡೆಗೇ ಹೋದವು.

140 ಕಿಲೋಮೀಟರಿನ ಹತ್ತಿರ ಹಿಂಬದಿಯಿಂದ ಒಂದು ನರಳುವ ಸದ್ದು ಕೇಳತೊಡಗಿತು. ಕ್ಲಚ್ ಹಿಡಿದು ಇಂಜಿನ್ನನ್ನು ಸುಮ್ಮನಾಗಿಸಿ ಇಳಿಜಾರಿನಲ್ಲಿ ಹರಿಯಬಿಟ್ಟೆ. ಸದ್ದು ಹಾಗೇ ಇತ್ತು, ವೇಗ ಇಳಿದಂತೆ ತಾನೂ ಇಳಿಯಿತು. ಹಾಗಾದರೆ ಇಂಜಿನ್ ಅಲ್ಲ. ಸೈಡ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಗಾಡಿಯನ್ನು ಸ್ವಲ್ಪ ಸ್ವಲ್ಪವೇ ಮುಂದೆ ತಳ್ಳುತ್ತ ಚೈನಿನ ಸಡಿಲವನ್ನು ಐದಾರು ಕಡೆ ಅಳೆದೆ. ಇರಬೇಕಾದದ್ದು 20ರಿಂದ 30 ಮಿಲಿಮೀಟರ್. ಅತಿ ಬಿಗಿಯಾದ ಜಾಗದಲ್ಲಿ ಇದ್ದದ್ದು 12.

ಈ ಬಾರಿ ತಪ್ಪು ಗಾಡಿಯದೇ. ಕಾರ್ಖಾನೆಯಲ್ಲೋ ಕೈಗೊಪ್ಪಿಸುವ ಮುನ್ನವೋ ಯಾರೋ ಅಳೆಯದೆ ಬಿಗಿದಿದ್ದರು. ನನಗೆ ನಿಜವಾಗಿ ಸಿಟ್ಟು ಬಂತು. ಹಿಂದಿನ ಚಕ್ರ ಉಬ್ಬಿನ ಮೇಲೆ ಮೇಲೇಳುವಾಗ ಚೈನನ್ನು ಎಳೆಯುವ ಮುಂದಿನ ಹಲ್ಲುಚಕ್ರಕ್ಕೂ (ಸ್ಪ್ರಾಕೆಟ್) ಹಿಂದಿನ ಚಕ್ರದ ಅಚ್ಚಿಗೂ ನಡುವಿನ ದೂರ ಹೆಚ್ಚುತ್ತದೆ. ಅದಕ್ಕೆಂದೇ ಚೈನಿನಲ್ಲಿ ಸಡಿಲ ಇಡುವುದು. ಸಡಿಲವಿಲ್ಲದಿದ್ದರೆ ಚೈನೇ ಚಕ್ರವನ್ನು ಹಿಡಿದು ಜಗ್ಗುತ್ತದೆ, ಗೇರ್‌ಬಾಕ್ಸಿನ ಬೇರಿಂಗ್ ಆ ಏಟನ್ನು ತಿನ್ನುತ್ತದೆ. ನನ್ನ ಭಾರ, ಹಿಂದೆ ಕಟ್ಟಿದ 12 ಕಿಲೋ ಚೀಲ ಎರಡೂ ಸೇರಿದರೆ ಉಳಿದ ಸಡಿಲವೂ ಮುಗಿದಂತೆಯೇ. ಸೀಟಿನಡಿಯ ಸ್ಪ್ಯಾನರಿನಿಂದ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರುಗಳನ್ನು ಒಂದೇ ಅಳತೆಯಲ್ಲಿ ಹಿಂದಕ್ಕೆ ತಿರುಗಿಸಿ, ಚಕ್ರವನ್ನು ಮುಂದಕ್ಕೆ ಒತ್ತಿ, ಗುರುತುಗಳು ಎರಡೂ ಕಡೆ ಸಮವಾಗಿವೆಯೇ ಎಂದು ಎರಡು ಸಲ ನೋಡಿ ನಟ್ ಬಿಗಿದೆ. ಸಡಿಲ 25ಕ್ಕೆ ಬಂತು. ಮರಳಿ ಹೊರಟು ಮೊದಲ ಉಬ್ಬು ದಾಟಿದಾಗ ಬೆನ್ನಿಗೆ ಗುದ್ದು ಬೀಳಲಿಲ್ಲ! 90 ಕಿಲೋಮೀಟರ್ ಉದ್ದಕ್ಕೂ ನಾನು ಬೈದದ್ದು ಶಾಕ್ ಅಬ್ಸಾರ್ಬರನ್ನು. ಅದಕ್ಕೆ ಅಲುಗಾಡಲು ಬಿಡದಿದ್ದದ್ದು ಚೈನು. ಬರೆದ ಕೂಡಲೇ ತಿರುಗಿಸಬಾರದೆಂಬ ನಿಯಮ ಇಲ್ಲದಿದ್ದರೆ ಸ್ಪ್ರಿಂಗನ್ನು ಸಡಿಲಿಸಿ, ಮೂಲ ದೋಷವನ್ನು ಮುಚ್ಚಿಹಾಕುತ್ತಿದ್ದೆ.

ಸಂಜೆ ಎದುರಿನವರು ಹೆಡ್‌ಲೈಟ್ ಮಿನುಗಿಸಿ ಬೈದರು. ಚೀಲದ ಭಾರಕ್ಕೆ ಹಿಂಬದಿ ಕುಸಿದು ಬೆಳಕು ಮೇಲೆದ್ದಿತ್ತು. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಎರಡು ಹಲ್ಲು ಬಿಗಿಮಾಡಿದಾಗ ಸರಿಹೋಯಿತು.

ಎರಡನೆಯ ದಿನದ ಬಹುಪಾಲು ಬರೆಯಲು ಏನೂ ಇರಲಿಲ್ಲ. ಹೆಬ್ಬೆರಳು ಇಂಡಿಕೇಟರನ್ನು ನೋಡದೆಯೇ ಮುಟ್ಟುತ್ತಿತ್ತು. ಟ್ಯಾಂಕ್ ತುಂಬಿಸಿದ ಮೇಲೆ 248 ಕಿಲೋಮೀಟರಿಗೆ ಇಂಧನದ ದೀಪ ಹತ್ತಿತು. ಕೂಡಲೇ ತುಂಬಿಸಿದಾಗ 10.4 ಲೀಟರ್ ಹಿಡಿಯಿತು. ಟ್ಯಾಂಕ್ 14 ಲೀಟರಿನದು, ಅಂದರೆ ದೀಪ ಹತ್ತಿದಾಗ 3.6 ಲೀಟರ್ ಉಳಿದಿರುತ್ತದೆ. ಲೀಟರಿಗೆ ಸುಮಾರು 24 ಕಿಲೋಮೀಟರಿನಂತೆ ಲೆಕ್ಕ 86 ಎನ್ನುತ್ತದೆ. ನಾನು 60 ಎಂದು ಬರೆದಿಟ್ಟುಕೊಂಡೆ, ಏಕೆಂದರೆ ಏರು ದಾರಿ ಮತ್ತು ಎದುರುಗಾಳಿ ಆ ಲೆಕ್ಕವನ್ನು ಕೇಳುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಿರುವುಗಳ ಸರಣಿ ಬಂತು. ಮುಂಚೆಯೇ ಗೇರ್ ಇಳಿಸಿ, ಕಣ್ಣನ್ನು ಕೊನೆಗೆ ನೆಟ್ಟು, ಒಳಗಿನ ಕೈ ಒತ್ತಿ, ಇನ್ನೊಂದು ಬದಿಗೆ ಹಾಗೆಯೇ ಹೊರಳಿಸಿ ಹೋದೆ. ಐದಾರು ತಿರುವು ದಾಟಿದ ಮೇಲೆ, ಗಾಡಿಯ ಬಗ್ಗೆ ಯೋಚಿಸದೆ ರಸ್ತೆಯನ್ನಷ್ಟೇ ನೋಡುತ್ತಿದ್ದೇನೆ ಎಂದು ಹೊಳೆಯಿತು. ಹೆಲ್ಮೆಟ್ಟಿನೊಳಗೆ ಜೋರಾಗಿ ನಕ್ಕೆ. ಅಷ್ಟು ಸಂತೋಷ ಬಹಳ ದಿನಗಳಿಂದ ಆಗಿರಲಿಲ್ಲ.

500 ಕಿಲೋಮೀಟರ್ ಆದಾಗ ಮೊದಲ ಆಯಿಲ್ ಬದಲಾಯಿಸುವಾಗ ನಾನೂ ಪಕ್ಕದಲ್ಲೇ ಕೂತಿದ್ದೆ. ಹೊರಬಂದ ಆಯಿಲನ್ನು ಬಿಸಿಲಿಗೆ ಹಿಡಿದರೆ ಸಣ್ಣ ಮಿನುಗು ಕಾಣುತ್ತಿತ್ತು. ಡ್ರೇನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪ. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಪುಡಿ ಅದು. ಚೂರುಗಳೋ ಚಕ್ಕೆಗಳೋ ಇದ್ದಿದ್ದರೆ ಚಿಂತಿಸಬೇಕಿತ್ತು. ಬೆರಳ ನಡುವೆ ಉಜ್ಜಿ ನೋಡಿದೆ, ಒರಟು ಸಿಗಲಿಲ್ಲ. ಫಿಲ್ಟರೂ ಬದಲಾಯಿತು, ಆಕ್ಸಲ್ ನಟ್ಟನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ಬಿಗಿಸಿದೆ.

ಪುಸ್ತಕದಲ್ಲಿ ಹೊಡೆದುಹಾಕದ ಸಾಲು ಈಗ ಒಂದೇ: ನಾಲ್ಕರಿಂದ ಐದನೆಯ ಗೇರಿಗೆ ಹೋಗುವಾಗ ಕೆಲವೊಮ್ಮೆ ನಡುವೆ ನ್ಯೂಟ್ರಲ್‌ನಂತೆ ಜಾರುತ್ತದೆ. ಕಾಲನ್ನು ಪೂರ್ತಿ ಎತ್ತದೆ ಅರ್ಧಕ್ಕೇ ಬಿಡುತ್ತಿದ್ದೇನೆಂದು ನನ್ನ ಗುಮಾನಿ. 1,000 ಕಿಲೋಮೀಟರ್ ಆಗುವವರೆಗೆ ಬೂಟನ್ನು ಕೊನೆಯವರೆಗೂ ಎತ್ತಿ ನೋಡುತ್ತೇನೆ.