ಫೈಟರ್ ಮೀನು ಸಣ್ಣ ಆಗಿದ್ಯಾ ದಪ್ಪ ಆಗಿದ್ಯಾ: ಮಡಿಕೇರಿ ಚಳೀಲಿ ನಾನು ಊಟ ಹಾಕೋ ರೀತಿ

ಬೆಟ್ಟಾ ಅಂದ್ರೆ ನಮ್ಮ ಫೈಟರ್ ಮೀನು ಸರಿಯಾದ ತೂಕದಲ್ಲಿ ಇದ್ಯಾ ಅಂತ ಗೊತ್ತಾಗೋಕೆ ತಕ್ಕಡಿ ಬೇಕಾಗಲ್ಲ, ಟ್ಯಾಂಕಿನ ಮುಚ್ಚಳ ತೆಗೆದು ಮೇಲಿಂದ ನೋಡಿದ್ರೆ ಸಾಕು. ಅದರ ತೂಕವೇ ಕೆಲವು ಗ್ರಾಂ, ಬಲೇಲಿ ಎತ್ತಿ ತೂಗೋಕೆ ಹೋದ್ರೆ ಅಂಟಿಕೊಂಡಿರೋ ನೀರಿನಿಂದಾನೇ ಲೆಕ್ಕ ತಪ್ಪುತ್ತೆ, ಮೀನು ಗಾಬರಿ ಬೀಳುತ್ತೆ, ಉದ್ದ ಬಾಲ ಬಲೆಗೆ ಸಿಕ್ಕಿ ಹರಿಯುತ್ತೆ. ನಾನು ಬೆಳಿಗ್ಗೆ ಊಟ ಹಾಕೋಕೆ ಮುಂಚೆ ನೋಡ್ತೀನಿ, ಯಾಕಂದ್ರೆ ತಿಂದ ಮೇಲೆ ಯಾವ ಮೀನಿನ ಹೊಟ್ಟೆ ಆದ್ರೂ ಸ್ವಲ್ಪ ಉಬ್ಬಿರುತ್ತೆ, ಅದು ದಪ್ಪ ಅಲ್ಲ.

ಮೇಲಿಂದ ನೋಡಿದಾಗ ತಲೆ ಹಿಂದಿನ ಭಾಗ, ನಾವು ಭುಜ ಅಂತೀವಲ್ಲ ಆ ಜಾಗ, ತಲೆಯಷ್ಟೇ ಅಗಲ ಇದ್ದು ಅಲ್ಲಿಂದ ಬಾಲದ ಕಡೆಗೆ ನಿಧಾನಕ್ಕೆ ಸಣ್ಣ ಆಗ್ತಾ ಹೋಗಬೇಕು. ತಲೆ ದೊಡ್ಡದಾಗಿ ಕಂಡು ಅದರ ಹಿಂದೆ ತಕ್ಷಣ ಒಳಗೆ ಹೋದ ಹಾಗಿದ್ರೆ ಮೀನಿಗೆ ಊಟ ಸಾಲ್ತಿಲ್ಲ, ಇಲ್ಲ ತಿಂದಿದ್ದು ಮೈಗೆ ಹತ್ತುತ್ತಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೇಲೂ ಎರಡೂ ಪಕ್ಕೆ ಹೊರಗೆ ಉಬ್ಬಿದ್ರೆ ಊಟ ಜಾಸ್ತಿ ಆಗಿದೆ, ಇಲ್ಲ ಮಲಬದ್ಧತೆ. ಒಂದೇ ಪಕ್ಕೆ ಉಬ್ಬಿದ್ರೆ ಅದು ಊಟದ ವಿಷಯ ಅಲ್ಲದೇ ಇರಬಹುದು, ಒಳಗೆ ಗಡ್ಡೆ ಇರೋ ಸಾಧ್ಯತೆ ಇದೆ. ಮೈಮೇಲಿನ ಹುರುಪೆಗಳು ಹಲಸಿನಕಾಯಿ ಮುಳ್ಳಿನ ಥರ ಎದ್ದು ನಿಂತಿದ್ರೆ ಮಾತ್ರ ಅದು ಡ್ರಾಪ್ಸಿ, ಅಂದ್ರೆ ಮೈಯೊಳಗೆ ನೀರು ತುಂಬ್ಕೊಳ್ಳೋದು, ತುಂಬಾ ಸೀರಿಯಸ್, ಅದನ್ನ ದಪ್ಪ ಅಂದ್ಕೊಂಡು ಉಪವಾಸ ಹಾಕ್ತಾ ಕೂರಬೇಡಿ. ಹೆಣ್ಣು ಮೀನಿನ ಹೊಟ್ಟೆ ಮೊಟ್ಟೆ ತುಂಬಿದಾಗಲೂ ಗುಂಡಗಾಗುತ್ತೆ, ಹೊಟ್ಟೆ ಕೆಳಗೆ ಒಂದು ಪುಟ್ಟ ಬಿಳಿ ಚುಕ್ಕೆ ಕಾಣುತ್ತೆ, ಅದಕ್ಕೆ ಗಾಬರಿ ಬೇಡ.

ಪಕ್ಕದಿಂದ ನೋಡಿ ಮಾತ್ರ ತೀರ್ಮಾನ ಮಾಡಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಾಫ್‌ಮೂನ್ (ಅರ್ಧಚಂದ್ರದ ಹಾಗೆ ಬಾಲ ಬಿಚ್ಚೋ ತಳಿ) ಗಂಡು ಮೀನಿನ ಬಾಲ ರೆಕ್ಕೆ ಎಷ್ಟು ದೊಡ್ಡದಿರುತ್ತೆ ಅಂದ್ರೆ ಒಳಗಿರೋ ಮೈ ಎಷ್ಟು ಬಡಕಲಾಗಿದೆ ಅಂತ ಪಕ್ಕದಿಂದ ಗೊತ್ತೇ ಆಗಲ್ಲ. ನಾನು ವಾರಕ್ಕೊಂದು ಸಲ ಮೇಲಿಂದ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ತೀನಿ, ದಿನಾ ನೋಡೋ ಕಣ್ಣಿಗೆ ಬದಲಾವಣೆ ತಿಳಿಯಲ್ಲ, ಹಳೇ ಫೋಟೋ ಪಕ್ಕದಲ್ಲಿಟ್ಟು ನೋಡಿದ್ರೆ ತಿಳಿಯುತ್ತೆ.

ಈಗ ಊಟ. ಇದು ಮಾಂಸಾಹಾರಿ ಮೀನು, ಥಾಯ್ಲೆಂಡ್ ಕಡೆ ಭತ್ತದ ಗದ್ದೆ, ತಗ್ಗಿನ ನೀರಲ್ಲಿ ಹುಳಹುಪ್ಪಟೆ, ಸೊಳ್ಳೆ ಮರಿ ತಿಂದು ಬದುಕೋದು. ಅನ್ನದ ಅಗುಳು, ಬ್ರೆಡ್ ಪುಡಿ ಎಲ್ಲ ಬೇಡ. ಪೆಲೆಟ್, ಅಂದ್ರೆ ಡಬ್ಬೀಲಿ ಬರೋ ಕಾಳಿನಂಥ ಮೀನಿನ ಊಟ, ತಗೊಳ್ಳುವಾಗ ಡಬ್ಬಿ ಹಿಂದೆ ಓದಿ, ಮೊದಲ ಹೆಸರು ಮೀನಿನ ಪುಡಿನೋ ಸೀಗಡಿ ಥರದ ಕ್ರಿಲ್ಲೋ ಇರಬೇಕು, ಗೋಧಿ ಮೈದಾ ಮೊದಲು ಬಂದಿದ್ರೆ ಬಿಟ್ಟುಬಿಡಿ. ಪ್ರೋಟೀನ್ 40% ಅಥವಾ ಅದಕ್ಕಿಂತ ಜಾಸ್ತಿ ಇರೋದನ್ನೇ ನಾನು ತಗೊಳ್ಳೋದು. 1 ಮಿ.ಮೀ. ಗಾತ್ರದ ಕಾಳಾದ್ರೆ ಬೆಳೆದ ಮೀನಿಗೆ ಬೆಳಿಗ್ಗೆ 2-3, ಸಂಜೆ 2-3. ಅದರ ಹೊಟ್ಟೆ ಹೆಚ್ಚುಕಮ್ಮಿ ಅದರ ಕಣ್ಣಿನಷ್ಟೇ ಅಂತ ಸಾಕೋರು ಹೇಳ್ತಾರೆ, ಅಳತೆ ಅಷ್ಟು ನಿಖರ ಅಲ್ಲದಿದ್ರೂ ಕೈ ಬಿಗಿ ಹಿಡಿಯೋಕೆ ಒಳ್ಳೇದು. ಒಂದೊಂದೇ ಕಾಳು ಹಾಕಿ, ಅದು ನುಂಗಿದ ಮೇಲೆ ಮುಂದಿನದು. ಗಾಜಿನ ಹತ್ತಿರ ಬಂದು ಕುಣಿಯುತ್ತೆ ಅಂತ ಹಸಿವು ಅಂದ್ಕೊಳ್ಳಬೇಡಿ, ಗದ್ದೆ ನೀರಲ್ಲಿ ಸಿಕ್ಕಾಗ ತಿನ್ನೋ ಪ್ರಾಣಿ ಅದು, ಎಷ್ಟು ಹಾಕಿದ್ರೂ ಇನ್ನೂ ಬೇಕು ಅನ್ನುತ್ತೆ. ಮನೇಲಿ ಎಲ್ಲರೂ ಪ್ರೀತಿಯಿಂದ ಒಂದೊಂದು ಚಿಟಿಕೆ ಹಾಕಿದ್ರೆ ಮೀನಿಗೆ ಹೊಟ್ಟೆ ಉಬ್ಬರ, ನೀರಿಗೆ ಅಮೋನಿಯಾ, ಎರಡೂ ಬರುತ್ತೆ, ಹಾಗಾಗಿ ಊಟ ಹಾಕೋರು ಒಬ್ಬರೇ ಇರಲಿ. ತಿನ್ನದೆ ಉಳಿದಿದ್ದನ್ನ ಔಷಧಿ ಡ್ರಾಪರಲ್ಲಿ ಎಳೆದು ತೆಗೀರಿ. ವಾರಕ್ಕೊಂದು ದಿನ ನಾನು ಏನೂ ಹಾಕಲ್ಲ.

ನಮ್ಮ ಕಡೆ ಇದಕ್ಕಿಂತ ದೊಡ್ಡ ವಿಷಯ ಚಳಿ. ಮಡಿಕೇರಿ 1,100 ಮೀಟರ್‌ಗಿಂತ ಎತ್ತರದಲ್ಲಿದೆ, ಫೈಟರ್‌ಗೆ 25-27 ಡಿಗ್ರಿ ನೀರು ಬೇಕು, ಇಲ್ಲಿ ಡಿಸೆಂಬರ್ ಜನವರಿ ರಾತ್ರಿ, ಕಕ್ಕಡದ (ಜುಲೈ-ಆಗಸ್ಟ್) ಮಳೇಲಿ ಬರಿ ಟ್ಯಾಂಕಿನ ನೀರು 20ರ ಕೆಳಗೂ ಇಳಿಯುತ್ತೆ. ನೀರು ತಣ್ಣಗಾದ್ರೆ ಮೀನಿನ ಮೈಯೂ ತಣ್ಣಗಾಗುತ್ತೆ, ಜೀರ್ಣ ನಿಧಾನ ಆಗುತ್ತೆ, ಬೇಸಿಗೇಲಿ ಹಾಕ್ತಿದ್ದಷ್ಟೇ ಹಾಕಿದ್ರೆ ಅದು ಹೊಟ್ಟೇಲೇ ಉಳ್ಕೊಳ್ಳುತ್ತೆ. ಕುಶಾಲನಗರದ ಫ್ರೆಂಡ್ ಹಾಕೋ ಲೆಕ್ಕ ನಾನು ಇಲ್ಲಿ ಹಾಕೋಕಾಗಲ್ಲ, ಅಲ್ಲಿ ಇಷ್ಟು ಚಳಿ ಇಲ್ಲ. ಅದಕ್ಕೆ ನನ್ನ ನಿಯಮ ಏನು ಅಂದ್ರೆ ಮೊದಲು ಥರ್ಮಾಮೀಟರ್, ಆಮೇಲೆ ಡಬ್ಬಿ. 25ರ ಮೇಲಿದ್ರೆ ಪೂರ್ತಿ ಊಟ, 22-23 ಆದ್ರೆ ಅರ್ಧ, 20ಕ್ಕೆ ಬಂದ್ರೆ ಹಾಕಲ್ಲ, ಮೊದಲು ನೀರು ಬೆಚ್ಚಗಾಗಲಿ. 20 ಲೀಟರ್ ಟ್ಯಾಂಕಿಗೆ 50 ವ್ಯಾಟ್ ಹೀಟರ್ ಹಾಕಿದ್ದೀನಿ, ಮೇಲೆ ಮುಚ್ಚಳ, ಯಾಕಂದ್ರೆ ಈ ಮೀನು ಮೇಲೆ ಬಂದು ಗಾಳಿಯಿಂದಾನೂ ಉಸಿರಾಡುತ್ತೆ, ಆ ಗಾಳಿ ಥಂಡಿ ಇರಬಾರದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ಟ್ಯಾಂಕಿಗೆ ದಪ್ಪ ಕಂಬಳಿ ಸುತ್ತಿ, ಊಟ ನಿಲ್ಲಿಸ್ತೀನಿ. ಬಿಸಿನೀರು ಸುರಿಯೋದು ಬೇಡ, ಏಕಾಏಕಿ ಬಿಸಿ ಆದ್ರೆ ಅದೇ ಶಾಕ್.

ಇನ್ನೊಂದು ನಮ್ಮೂರಿನದೇ ತೊಂದರೆ, ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲ ಬೂಷ್ಟು ಹಿಡಿಯುತ್ತೆ ಅಂದ್ಮೇಲೆ ಪೆಲೆಟ್ ಬಿಡುತ್ತಾ. ಸಣ್ಣ ಡಬ್ಬಿ ತಗೊಂಡು ಅದರೊಳಗೆ ಸಿಲಿಕಾ ಪ್ಯಾಕೆಟ್ ಹಾಕಿ ಬಿಗಿ ಮುಚ್ಚಿಡಿ, ಒದ್ದೆ ಕೈ ಹಾಕಬೇಡಿ, ವಾಸನೆ ಬದಲಾದ್ರೆ ಎಸೀರಿ.

ಸೊಳ್ಳೆ ಮರಿ ಸಿಕ್ಕಿದ್ರೆ ಇದಕ್ಕೆ ಹಬ್ಬ, ನಿಜ. ಆದ್ರೆ ಕಾಫಿ ತೋಟದ ಗುಂಡಿ, ಡ್ರಮ್ಮಿಂದ ತರಬೇಡಿ ಅಂತ ಕೈಮುಗಿದು ಹೇಳ್ತೀನಿ. ಮಳೆಗೆ ಮುಂಚೆ ಕಾಫಿಗೆ, ಮೆಣಸಿಗೆ ಬೋರ್ಡೋ ದ್ರಾವಣ ಹೊಡೀತಾರೆ, ಅದರಲ್ಲಿರೋದು ಮೈಲುತುತ್ತು ಮತ್ತೆ ಸುಣ್ಣ, ತಾಮ್ರದ ಅಂಶ ಮೀನಿಗೆ ವಿಷ. ಮರಿ ಬೇಕು ಅಂತ ಮನೆ ಹತ್ರ ನೀರು ನಿಲ್ಲಿಸೋದೂ ಬೇಡ, ಡೆಂಗ್ಯೂ ಮನೆಗೇ ಬರುತ್ತೆ. ನಾನು ಫ್ರೋಜನ್ ಬ್ಲಡ್‌ವರ್ಮ್ (ಕೆಂಪು ಹುಳದಂಥ ಕೀಟದ ಮರಿ) ತಂದು ಕರಗಿಸಿ ವಾರಕ್ಕೆ ಒಂದೋ ಎರಡೋ ಸಲ ಹಾಕ್ತೀನಿ, ಹೊಟ್ಟೆ ಬಿಗಿದಿದ್ರೆ ಒಂದೆರಡು ದಿನ ಉಪವಾಸ, ಆಮೇಲೆ ಡ್ಯಾಫ್ನಿಯಾ ಅನ್ನೋ ಪುಟ್ಟ ನೀರು ಚಿಗಟ. ಬಟಾಣಿ ಕೊಡಿ ಅಂತ ತುಂಬಾ ಜನ ಹೇಳ್ತಾರೆ, ಮಾಂಸ ತಿನ್ನೋ ಮೀನಿಗೆ ಅದು ಸರಿ ಅಂತ ನನಗೆ ಅನ್ಸಲ್ಲ.

ಅಂಗಡಿಯ ಪ್ಲಾಸ್ಟಿಕ್ ಕಪ್ಪಿಂದ ತಂದ ಮೀನು ಬಹುಪಾಲು ಬಡಕಲಾಗೇ ಇರುತ್ತೆ. ನನ್ನ ಈಗಿನ ನೀಲಿ ಗಂಡು ಬಂದಾಗ ತಲೆ ಹಿಂದೆ ಗುಳಿ ಬಿದ್ದಿತ್ತು. ಒಂದೇ ಸಲ ಜಾಸ್ತಿ ಹಾಕದೆ ದಿನಕ್ಕೆ ಮೂರು ಸಲ ಎರಡೆರಡು ಕಾಳು, ಮಧ್ಯೆ ಬ್ಲಡ್‌ವರ್ಮ್, ನೀರು 26ರಲ್ಲಿ ಹಿಡಿದಿಟ್ಟೆ, ಕೆಲವು ವಾರದಲ್ಲಿ ಗುಳಿ ತುಂಬ್ತು, ಆಮೇಲೆ ದಿನಕ್ಕೆರಡು ಸಲಕ್ಕೆ ಇಳಿಸಿದೆ. ಚೆನ್ನಾಗಿ ತಿಂದೂ ಮೈ ಕೈ ತುಂಬದೆ, ಹಿಕ್ಕೆ ಬಿಳಿ ದಾರದ ಹಾಗೆ ನೇತಾಡ್ತಿದ್ರೆ ಹೊಟ್ಟೇಲಿ ಪರಾವಲಂಬಿ ಹುಳ ಇರಬಹುದು, ಊಟ ಜಾಸ್ತಿ ಮಾಡಿ ಪ್ರಯೋಜನ ಇಲ್ಲ, ಔಷಧಿ ಕೇಳಬೇಕು.

ಹುತ್ತರಿ ಹಬ್ಬಕ್ಕೆ ಊರಿಗೆ ಹೋಗೋವಾಗ ಮೂರು ದಿನದ ಮಟ್ಟಿಗಾದ್ರೆ ಏನೂ ಹಾಕದೆ ಹೋಗ್ತೀನಿ, ಆರೋಗ್ಯವಾಗಿರೋ ದೊಡ್ಡ ಮೀನಿಗೆ ಏನೂ ಆಗಲ್ಲ. ಜಾಸ್ತಿ ದಿನ ಆದ್ರೆ ಒಂದೊಂದು ಹೊತ್ತಿನ ಕಾಳು ಒಂದೊಂದು ಪೊಟ್ಟಣ ಕಟ್ಟಿ ಪಕ್ಕದ ಮನೆ ಆಂಟಿ ಕೈಗೆ ಕೊಟ್ಟು, ಡಬ್ಬಿ ನಾನೇ ಬೀರು ಒಳಗೆ ಇಟ್ಟು ಹೋಗ್ತೀನಿ.