ಟ್ರಂಕಿನಲ್ಲಿ ಸಿಕ್ಕಿದ ಹಳೇ ಪಾಲಿಸಿ: ವರ್ಷಗಳ ಮೇಲೆ ಹಣ ಕೇಳುವುದು ಹೇಗೆ?

ನಮ್ಮ ದೊಡ್ಡಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸುಣ್ಣ ಹೊಡೆಸಲೆಂದು ಟ್ರಂಕ್ ಖಾಲಿ ಮಾಡುವಾಗ ದೊಡ್ಡಮ್ಮನ ಸೀರೆ ಮಡಿಕೆಯಲ್ಲಿ ಎಲ್‌ಐಸಿ ಬಾಂಡ್ ಸಿಕ್ಕಿತು. ಅಂಚನ್ನು ಹುಳು ತಿಂದಿತ್ತು, ನಂಬರು ಮಾತ್ರ ಉಳಿದಿತ್ತು. ‘ಇಷ್ಟು ವರ್ಷ ಆದ್ಮೇಲೆ ಯಾರು ಕೊಡ್ತಾರೆ, ಬಿಡು’ ಅಂದರು ದೊಡ್ಡಮ್ಮ.

ಹಾಗೆ ಬಿಡಬೇಡಿ. ಮುಖ್ಯವಾಗುವುದು ನೀವು ಹಣ ಕೇಳುವ ದಿನವಲ್ಲ, ಅವರು ತೀರಿಕೊಂಡ ದಿನ. ಅವತ್ತು ಪಾಲಿಸಿ ಚಾಲ್ತಿಯಲ್ಲಿತ್ತಾ ಅನ್ನುವುದೇ ಪ್ರಶ್ನೆ. ಬರೀ ತಡವಾಯಿತೆಂದು ಕ್ಲೇಮನ್ನು ಸುಮ್ನೆ ತಳ್ಳಿಹಾಕಬಾರದು ಎಂದು ವಿಮಾ ನಿಯಂತ್ರಕ ಐಆರ್‌ಡಿಎಐ 2011ರಲ್ಲೇ ಕಂಪನಿಗಳಿಗೆ ಸುತ್ತೋಲೆ ಕಳಿಸಿದೆ. ಮಧ್ಯೆ ಕಂತು ನಿಂತಿದ್ದರೂ ಕೇಳಿ ನೋಡಿ. ಹಳೇ ಉಳಿತಾಯದ ಪಾಲಿಸಿಗೆ ಮೂರು ವರ್ಷ ಕಟ್ಟಿದ್ದರೆ ಸಾಮಾನ್ಯವಾಗಿ ‘ಪೇಯ್ಡ್ ಅಪ್’ ಮೊತ್ತ, ಅಂದರೆ ಕಟ್ಟಿದ ಕಂತಿಗೆ ತಕ್ಕಂತೆ ಇಳಿಸಿದ ವಿಮೆಯ ಹಣವಾದರೂ ಇರುತ್ತದೆ.

ಮೊದಲ ಕೆಲಸ, ಹುಡುಕುವುದು. ಬಾಂಡ್ ಇಲ್ಲದಿದ್ದರೆ ಹಳೇ ಪಾಸ್‌ಬುಕ್ ತೆಗೆಯಿರಿ. ಮೇ ಕೊನೆ, ಜೂನ್ ಹೊತ್ತಿಗೆ 330 ಅಥವಾ 436 ರೂಪಾಯಿ ಕಡಿತವಾಗಿದೆಯಾ? ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಕಂತು ಇರಬಹುದು, ಅದರ ವಿಮೆ 2 ಲಕ್ಷ. ಆ ಬ್ಯಾಂಕಿನಲ್ಲೇ ವಿಚಾರಿಸಿ. ರಾಜ್ಯ ಸರ್ಕಾರಿ ನೌಕರರಾಗಿದ್ದರೆ ಸಂಬಳದ ಚೀಟಿಯಲ್ಲಿ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಕಡಿತ ನೋಡಿ. ಅಂಚೆ ವಿಮೆಯೂ ಇದ್ದಿರಬಹುದು.

ವಿಮಾ ಕಂಪನಿಗಳ ವೆಬ್‌ಸೈಟಿನಲ್ಲಿ ಯಾರೂ ಕೇಳದೆ ಉಳಿದ ಹಣ ಹುಡುಕುವ ಪುಟವಿರುತ್ತದೆ. ಹೆಸರು, ಹುಟ್ಟಿದ ದಿನಾಂಕ ಹಾಕಿ. ಇನಿಷಿಯಲ್ ಹಿಂದೆ ಮುಂದೆ ಮಾಡಿ ಎರಡು ಮೂರು ಸಲ ಪ್ರಯತ್ನಿಸಿ. ಅಲ್ಲಿ ಸಿಗಲಿಲ್ಲ ಅಂದರೆ ಹಣವೇ ಇಲ್ಲ ಅಂತಲ್ಲ. ಸಾವಿನ ಸುದ್ದಿಯೇ ಕಂಪನಿಗೆ ಗೊತ್ತಿಲ್ಲವಲ್ಲ! ಹತ್ತು ವರ್ಷ ಯಾರೂ ಕೇಳದ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಆಮೇಲೂ 25 ವರ್ಷದವರೆಗೆ ಅದೇ ಕಂಪನಿಯ ಮೂಲಕ ವಾಪಸ್ ಕೇಳಬಹುದು.

ಎರಡನೆಯದು, ಪತ್ರ. ಪಾಲಿಸಿ ಇರುವ ಶಾಖೆಗೆ ಒಂದೇ ಪುಟ ಸಾಕು: ಪಾಲಿಸಿ ನಂಬರು, ಸತ್ತ ದಿನಾಂಕ, ಕಾರಣ, ನಿಮ್ಮ ಸಂಬಂಧ, ತಡವಾದ ಕಾರಣ. ತಡದ ಕಾರಣಕ್ಕೆ ಕಥೆ ಕಟ್ಟಬೇಡಿ, ‘ಬಾಂಡ್ ಈಗ ಸಿಕ್ಕಿತು’ ಎಂದರೆ ಆಯಿತು. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳುವುದನ್ನು ಮರೀಬೇಡಿ.

ಆಮೇಲೆ ಕಾಗದಪತ್ರ. ಎಲ್‌ಐಸಿಯಲ್ಲಾದರೆ 3783 ನಂಬರಿನ ಕ್ಲೇಮ್ ಫಾರಂ, ಮೂಲ ಬಾಂಡ್, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ಕ್ಯಾನ್ಸಲ್ ಮಾಡಿದ ಚೆಕ್. ಬಾಂಡ್ ಕಳೆದಿದ್ದರೆ ಛಾಪಾ ಕಾಗದದಲ್ಲಿ ಇಂಡೆಮ್ನಿಟಿ ಬಾಂಡ್, ಅಂದರೆ ಮುಂದೆ ಕಂಪನಿಗೆ ನಷ್ಟವಾದರೆ ನಾವೇ ಹೊಣೆ ಎನ್ನುವ ಮುಚ್ಚಳಿಕೆ ಬರೆದುಕೊಡಬೇಕು. ಸಾವನ್ನೇ ನೋಂದಾಯಿಸದೆ ಒಂದು ವರ್ಷ ದಾಟಿದ್ದರೆ ಮೊದಲು ಮ್ಯಾಜಿಸ್ಟ್ರೇಟ್ ಆದೇಶ ತರಬೇಕು. ಜಾಸ್ತಿ ಅಲೆದಾಟ ಇದಕ್ಕೇ.

ನಾವು ಸಿಕ್ಕಿಬಿದ್ದದ್ದು ಹೆಸರಿನಲ್ಲಿ. ಬಾಂಡಿನಲ್ಲಿ ದೊಡ್ಡಪ್ಪನ ಹೆಸರಿನ ಜೊತೆ ‘ಗೌಡ’ ಇತ್ತು, ಮರಣ ಪತ್ರದಲ್ಲಿ ಇರಲಿಲ್ಲ. ನಾಮಿನಿ ಜಾಗದಲ್ಲಿ ದೊಡ್ಡಮ್ಮನನ್ನು ಮನೆಯಲ್ಲಿ ಕರೆಯುವ ಹೆಸರಿತ್ತು, ಆಧಾರ್‌ನಲ್ಲಿ ಬೇರೆಯದೇ. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಎರಡು ಅಫಿಡವಿಟ್ ಮಾಡಿಸಿದೆವು. ಕೌಂಟರಿಗೆ ಹೋಗುವ ಮೊದಲೇ ಎಲ್ಲ ಕಾಗದ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿದ್ದರೆ ಎರಡು ಬಸ್ ಚಾರ್ಜ್ ಉಳಿಯುತ್ತಿತ್ತು.

ನಾಮಿನಿಯೂ ತೀರಿಕೊಂಡಿದ್ದರೆ ವಾರಸುದಾರರು ಕೇಳಬೇಕು. ಇದಕ್ಕೆ ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪತ್ರ ಬೇಕಾಗಬಹುದು. ವಕೀಲರಿಗೆ ಫೀಸು ಕೊಡುವ ಮೊದಲು ಶಾಖೆಯಲ್ಲಿ ಕೇಳಿ. ಮೊತ್ತ ಸಣ್ಣದಾದರೆ ಜಾಮೀನಿನ ಮೇಲೂ ಕೊಡುವುದುಂಟು.

ಪಾಲಿಸಿ ಮೂರು ವರ್ಷ ದಾಟಿದ್ದರೆ, ಪಾಲಿಸಿ ಮಾಡಿಸುವಾಗ ಕಾಯಿಲೆ ಮುಚ್ಚಿಟ್ಟಿದ್ದರು ಅಂತೆಲ್ಲ ಕಂಪನಿ ತಕರಾರು ತೆಗೆಯುವಂತಿಲ್ಲ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಅದನ್ನು ತಡೆಯುತ್ತದೆ.

ಎಲ್ಲ ಕೊಟ್ಟ ಮೇಲೆ 15 ದಿನದಲ್ಲಿ, ತನಿಖೆ ಬೇಕಿದ್ದರೆ 45 ದಿನದಲ್ಲಿ ಇತ್ಯರ್ಥವಾಗಬೇಕು. ಆಗದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ, ಆಮೇಲೆ ಐಆರ್‌ಡಿಎಐನ ದೂರು ತಾಣ ಬಿಮಾ ಭರೋಸಾ ಪೋರ್ಟಲ್ ಅಥವಾ 155255ಕ್ಕೆ ಕರೆ. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ವಿಚಾರಿಸಿ ತೀರ್ಮಾನಿಸುವವರು) ಕಚೇರಿ ಇದೆ. ಫೀಸಿಲ್ಲ, ವಕೀಲರೂ ಬೇಡ. ಆದರೆ ಕ್ಲೇಮು ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಹಾಗಾಗಿ ಕೌಂಟರಿನಲ್ಲಿ ಬಾಯಿಮಾತಲ್ಲಿ ‘ಆಗಲ್ಲ’ ಅಂದರೆ ಎದ್ದು ಬರಬೇಡಿ, ಅದನ್ನೇ ಬರೆದುಕೊಡಿ ಅನ್ನಿ.